ಮೇಲೆ ಹಗ್ಗ ಕಟ್ಟಿದವರು ಯಾರು?

ಬಂಡೆ ಹತ್ತುತ್ತಿರುವ ನನ್ನ ಫೋಟೊವನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ದಿನದಿಂದ ನನಗೆ ಬರುವ ಪ್ರಶ್ನೆ ಒಂದೇ. ತೀರ್ಥಹಳ್ಳಿಯಿಂದ ಅಮ್ಮ ಕೇಳಿದ್ದೂ ಅದನ್ನೇ, ಬೆಂಗಳೂರಿನ ಚಿಕ್ಕಪ್ಪ ಕೇಳಿದ್ದೂ ಅದನ್ನೇ. "ಅಲ್ಲ ಮಾರಾಯ್ತಿ, ಹಗ್ಗ ಕಟ್ಕೊಂಡು ಹತ್ತೋದು ಸರಿ. ಆ ಹಗ್ಗಾನ ಮೊದಲು ಮೇಲೆ ಹೋಗಿ ಕಟ್ಟಿದವರು ಯಾರು?"

ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಮೂರು ಉತ್ತರಗಳಿವೆ. ಕೆಲವು ಕಡೆ ಹಿಂದಿನಿಂದ ಕಾಲುದಾರಿಯಲ್ಲಿ ನಡೆದು ಹೋಗಿ ಬಂಡೆಯ ನೆತ್ತಿಯಲ್ಲಿ ಹಗ್ಗ ಕಟ್ಟಿ ಕೆಳಗೆ ಬಿಡುತ್ತಾರೆ. ಕೈ ಜಾರಿದರೆ ನೀವು ಹೆಚ್ಚೆಂದರೆ ಒಂದು ಗೇಣು ಇಳಿದು ತೂಗಾಡುತ್ತೀರಿ. ಮಕ್ಕಳಿಗೆ, ಹೊಸಬರಿಗೆ ಇದೇ ಸರಿ. ಇನ್ನು ಕೆಲವು ಕಡೆ ಬಂಡೆಗೇ ರಂಧ್ರ ಕೊರೆದು ಉಕ್ಕಿನ ಬೋಲ್ಟ್‌ಗಳನ್ನು ಕೂರಿಸಿರುತ್ತಾರೆ. ನಮ್ಮ ಬಾದಾಮಿಯಲ್ಲಿ ದೇಶ ವಿದೇಶಗಳಿಂದ ಬಂದವರು ಹತ್ತುವ ಬಹಳಷ್ಟು ದಾರಿಗಳು ಹೀಗೇ ಇವೆ. ಹತ್ತುತ್ತಾ ಹೋಗುವವರು ಆ ಬೋಲ್ಟ್‌ಗಳಿಗೆ ಹಗ್ಗ ಸಿಕ್ಕಿಸಿಕೊಳ್ಳುತ್ತಾರೆ.

ಮೂರನೆಯದು ನಾನು ಕಲಿತದ್ದು. ಇಲ್ಲಿ ಮೇಲೆ ಹಗ್ಗ ಕಟ್ಟಿದವರು ಯಾರೂ ಇಲ್ಲ. ಬೋಲ್ಟೂ ಇಲ್ಲ. ಮೊದಲು ಹತ್ತುವವರು ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಡುತ್ತಾರೆ. ಹೋಗುತ್ತಾ ಬಂಡೆಯ ಸೀಳುಗಳಲ್ಲಿ ತಾವೇ ತಂದ ಲೋಹದ ತುಂಡುಗಳನ್ನು ಸಿಕ್ಕಿಸಿ, ಅದಕ್ಕೆ ಕೊಂಡಿ ಹಾಕಿ, ಕೊಂಡಿಯೊಳಗೆ ಹಗ್ಗ ತೂರಿಸಿ, ಇನ್ನೂ ಮೇಲೆ ಹೋಗುತ್ತಾರೆ. ಹಿಂದೆ ಬರುವವರು ಆ ತುಂಡುಗಳನ್ನೆಲ್ಲ ಬಿಚ್ಚಿಕೊಂಡು ಬರುತ್ತಾರೆ. ಇಬ್ಬರೂ ಮೇಲೆ ಸೇರಿದ ಮೇಲೆ ಬಂಡೆಯಲ್ಲಿ ಉಳಿಯುವುದು ಏನೂ ಇಲ್ಲ, ಒಂದಿಷ್ಟು ಸೀಮೆಸುಣ್ಣದ ಪುಡಿ ಬಿಟ್ಟರೆ. ಇದನ್ನು ಟ್ರ್ಯಾಡ್ ಕ್ಲೈಂಬಿಂಗ್ ಅಂತಾರೆ, ಮುಂದೆ ಹೋಗುವುದಕ್ಕೆ ಲೀಡ್ ಅಂತಾರೆ. ಇಂಗ್ಲೆಂಡಿನ ಈ ಭಾಗದಲ್ಲಿ ಬಂಡೆ ಹತ್ತುವುದು ಅಂದರೆ ಬಹುಮಟ್ಟಿಗೆ ಇದೇ. ಈ ಕಲ್ಲಿಗೆ ಬೋಲ್ಟ್ ಹೊಡೆಯುವುದನ್ನು ಇಲ್ಲಿನವರು ಒಪ್ಪುವುದಿಲ್ಲ.

ನಾವಿರುವುದು ಶೆಫೀಲ್ಡ್‌ನಲ್ಲಿ. ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ನಾನು ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವಳು, ನಮ್ಮವರು ಎಂಜಿನಿಯರ್, ಒಬ್ಬಳು ಮಗಳು, ಅವಳಿಗೆ ಹದಿನೈದು. ಊರಿನಿಂದ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಹ್ಯಾದರ್‌ಸೇಜ್ ಎಂಬ ಹಳ್ಳಿ. ಅಲ್ಲಿಂದ ಏರುದಾರಿಯಲ್ಲಿ ನಡೆದರೆ ಎದುರಿಗೆ ಸ್ಟಾನೇಜ್ ಎಡ್ಜ್. ಬೆಟ್ಟದ ನೆತ್ತಿಯನ್ನು ಯಾರೋ ಕತ್ತಿಯಿಂದ ಉದ್ದಕ್ಕೆ ಕಡಿದು ಬಿಟ್ಟಂತೆ ಸುಮಾರು ಆರು ಕಿಲೋಮೀಟರ್ ಸಾಗುವ ಕಲ್ಲಿನ ಗೋಡೆ. ಎತ್ತರ ಹೆಚ್ಚಿಲ್ಲ, ಬಹುಪಾಲು ಕಡೆ ಮೂರು ನಾಲ್ಕು ಮಹಡಿಯಷ್ಟು. ಆದರೆ ಹತ್ತುವ ದಾರಿಗಳು ಸಾವಿರಕ್ಕೂ ಮೇಲೆ, ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ದರ್ಜೆ.

ಈ ಕಲ್ಲಿಗೆ ಗ್ರಿಟ್‌ಸ್ಟೋನ್ ಅಂತ ಹೆಸರು. ಮೂವತ್ತು ಕೋಟಿ ವರ್ಷಕ್ಕೂ ಹಿಂದೆ ದೊಡ್ಡ ನದಿಗಳು ತಂದು ಸುರಿದ ದಪ್ಪ ಮರಳು ಗಟ್ಟಿಯಾಗಿ ಆದ ಕಲ್ಲು. ಮುಟ್ಟಿ ನೋಡಿದರೆ ನಮಗೆ ಗುರುತು ಸಿಗದೇ ಇರದು. ಅಜ್ಜಿಮನೆಯ ಬೀಸುವ ಕಲ್ಲಿಗೆ ಹೊಸದಾಗಿ ಉಳಿ ಹಾಕಿಸಿದಾಗ ಹೇಗೆ ಅಂಗೈಗೆ ಕಚ್ಚುತ್ತಿತ್ತೋ ಹಾಗೇ. ಹೋಲಿಕೆ ನನ್ನ ಕಲ್ಪನೆಯೇನಲ್ಲ. ಇದೇ ಕಲ್ಲಿನಿಂದ ಇಲ್ಲಿನವರು ತಲೆತಲಾಂತರ ಬೀಸುವ ಕಲ್ಲುಗಳನ್ನು ಕಡಿದರು. ವ್ಯಾಪಾರ ಬಿದ್ದುಹೋದ ಮೇಲೆ ಮಾರಾಟವಾಗದೆ ಉಳಿದ ದೊಡ್ಡ ದೊಡ್ಡ ಚಕ್ರಗಳು ಇವತ್ತಿಗೂ ಸ್ಟಾನೇಜ್ ಬುಡದ ಹುಲ್ಲಿನಲ್ಲಿ ಸಾಲಾಗಿ ಒರಗಿ ಬಿದ್ದಿವೆ. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಅದರ ಲಾಂಛನವೂ ಬೀಸುವ ಕಲ್ಲೇ.

ಹಾಗಂತ ನಾನು ಕಲ್ಲು ನೋಡಿ ಮರುಳಾಗಿ ಹೊರಟವಳಲ್ಲ. ಮಗಳು ಒಳಾಂಗಣ ಗೋಡೆ ಹತ್ತುವ ತರಗತಿಗೆ ಹೋಗುತ್ತಿದ್ದಳು. ಕಾಯುತ್ತಾ ಕೂರುವ ಬದಲು ನಾವಿಬ್ಬರೂ ಹತ್ತತೊಡಗಿದೆವು. ಎರಡು ಚಳಿಗಾಲ ಹಾಗೇ ಕಳೆಯಿತು. ಆಮೇಲೆ ಮೇಲಿನಿಂದ ಹಗ್ಗ ಹಾಕಿಸಿಕೊಂಡು ಹೊರಗಿನ ಬಂಡೆ. ಅದಾದ ಮೇಲೆ ಮನಸ್ಸು ಸುಮ್ಮನೆ ಇರಲಿಲ್ಲ. ಬೇರೆಯವರು ಕಟ್ಟಿಕೊಟ್ಟ ಹಗ್ಗದಲ್ಲೇ ಎಷ್ಟು ದಿನ?

ಆದರೆ ನಾನು ಮಾಡುವ ಕೆಲಸ ನೋಡಿ. ಬೇಸಿಗೆಯಲ್ಲಿ ಒಂದು ಬಿಸಿಲಿನ ಭಾನುವಾರ ಬಂತು ಅಂದರೆ ನಮ್ಮ ವಿಭಾಗಕ್ಕೆ ಬಂಡೆಯಿಂದ ಬಿದ್ದವರ ಹಿಮ್ಮಡಿಗಳು, ಮಣಿಕಟ್ಟುಗಳು ಬರುತ್ತವೆ. ಹಿಮ್ಮಡಿಯ ಮೂಳೆ ಮೊಟ್ಟೆಯ ಚಿಪ್ಪಿನ ಹಾಗೆ ಒಡೆದದ್ದನ್ನು ಪರದೆಯ ಮೇಲೆ ನೋಡಿದವಳಿಗೆ ಈ ಆಟದಲ್ಲಿ ಧೈರ್ಯದ ಮಾತು ಹಿಡಿಸುವುದಿಲ್ಲ. ಗೆಳೆಯರಲ್ಲಿ ಕೆಲವರು ವಿಡಿಯೊ ನೋಡಿ ಕಲಿಯಿರಿ, ನಾವೇ ತೋರಿಸ್ತೀವಿ ಬನ್ನಿ ಅಂದರು. ಬೇಡ ಅಂದೆ. ದುಡ್ಡು ಕೊಟ್ಟು, ಕಲಿಸುವುದನ್ನೇ ವೃತ್ತಿ ಮಾಡಿಕೊಂಡವರ ಹತ್ತಿರ ಕಲಿಯುವುದು ಅಂತ ತೀರ್ಮಾನಿಸಿದೆವು.

ಇಲ್ಲಿ ಒಂದು ವಿಷಯ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಸಾಹಸ ಶಿಬಿರಕ್ಕೆ ಮಕ್ಕಳನ್ನು ಕಳಿಸುವ ತಂದೆ ತಾಯಿ ಇದನ್ನು ಕೇಳುವುದೇ ಇಲ್ಲ. ಮೇಲಿನಿಂದ ಹಗ್ಗ ಹಾಕಿ ಹತ್ತಿಸುವುದಕ್ಕೆ ಬೇಕಾದ ಅರ್ಹತೆಯೇ ಬೇರೆ, ಟ್ರ್ಯಾಡ್ ಲೀಡ್ ಕಲಿಸುವುದಕ್ಕೆ ಬೇಕಾದ ಅರ್ಹತೆಯೇ ಬೇರೆ. ಬ್ರಿಟನ್ನಿನಲ್ಲಿ 'ಮೌಂಟನೀರಿಂಗ್ ಅಂಡ್ ಕ್ಲೈಂಬಿಂಗ್ ಇನ್‌ಸ್ಟ್ರಕ್ಟರ್' ಎನ್ನುವ ಪ್ರಮಾಣಪತ್ರ ಈ ಎರಡನೆಯದಕ್ಕೆ. ಅದನ್ನು ಪಡೆಯಲು ವರ್ಷಗಟ್ಟಲೆ ಅನುಭವ ಬೇಕು, ಪರೀಕ್ಷೆಯೂ ಕಠಿಣ. ನಿಮ್ಮ ಮಗುವನ್ನು ಯಾರಾದರೂ ಬಂಡೆಗೆ ಕರೆದೊಯ್ಯುವಾಗ "ಸರ್, ನಿಮ್ಮ ಸರ್ಟಿಫಿಕೇಟ್ ಯಾವುದಕ್ಕೆ?" ಅಂತ ಕೇಳುವುದರಲ್ಲಿ ಸಂಕೋಚ ಬೇಡ. ನಿಜವಾಗಿ ಬಲ್ಲವರು ಬೇಸರ ಮಾಡಿಕೊಳ್ಳುವುದಿಲ್ಲ.

ನಮಗೆ ಸಿಕ್ಕ ಶಿಕ್ಷಕಿಗೆ ಐವತ್ತು ದಾಟಿತ್ತು. ಬೆಳ್ಳಗಿನ ಗಿಡ್ಡ ಕೂದಲು, ಗ್ರಿಟ್‌ಸ್ಟೋನಿನಷ್ಟೇ ಒರಟು ಕೈ, ಮಾತು ಕಮ್ಮಿ. ಇಬ್ಬರು ವಿದ್ಯಾರ್ಥಿಗಳು, ಒಬ್ಬರು ಶಿಕ್ಷಕಿ, ಎರಡು ದಿನ. ಮೊದಲ ದಿನ ಮಧ್ಯಾಹ್ನದವರೆಗೂ ಅವರು ನಮ್ಮನ್ನು ನೆಲದಿಂದ ಮೇಲೆ ಒಂದು ಅಡಿಯೂ ಹತ್ತಿಸಲಿಲ್ಲ.

ಹುಲ್ಲಿನ ಮೇಲೆ ಒಂದು ಚಾಪೆ ಹಾಸಿ ಸಾಮಾನೆಲ್ಲ ಹರಡಿದರು. ಪಾತ್ರೆ ಅಂಗಡಿ ಇಟ್ಟ ಹಾಗೆ. ನಟ್‌ಗಳು ಅಂದರೆ ತಂತಿಯ ಕುಣಿಕೆಗೆ ಸೇರಿಸಿದ ಬೆಣೆಯಾಕಾರದ ಲೋಹದ ತುಂಡುಗಳು. ಅತಿ ಸಣ್ಣದು ಕಡಲೆಬೇಳೆಗಿಂತ ತುಸು ದೊಡ್ಡದು, ದೊಡ್ಡದು ಬೆಲ್ಲದಚ್ಚಿನಷ್ಟು. ಹೆಕ್ಸ್ ಅಂದರೆ ಆರು ಮೂಲೆಯ ಟೊಳ್ಳು ತುಂಡುಗಳು. ಇವನ್ನು ಸೊಂಟಕ್ಕೆ ನೇತುಹಾಕಿಕೊಂಡು ನಡೆದರೆ ಸಂಜೆ ಕೊಟ್ಟಿಗೆಗೆ ಮರಳುವ ದನದ ಕೊರಳ ಗಂಟೆಯದೇ ಸದ್ದು. ನಮ್ಮವರು "ಗೌರಿ ಬಂದಳು" ಅಂತ ನಗಾಡಿದರು. ಶಿಕ್ಷಕಿಗೆ ಅರ್ಥ ಹೇಳಬೇಕಾಯಿತು. ಇಲ್ಲೂ ಹಾಗೇ ಹೇಳ್ತಾರಂತೆ, ಹಸುವಿನ ಗಂಟೆ ಅಂತ. ಕೊನೆಗೆ ಕ್ಯಾಮ್‌ಗಳು. ಪಿಚಕಾರಿಯ ಹಾಗೆ ಹಿಡಿ ಎಳೆದರೆ ಹಲ್ಲಿನಂಥ ರೆಕ್ಕೆಗಳು ಮಡಚಿಕೊಳ್ಳುತ್ತವೆ, ಸೀಳಿನೊಳಗೆ ಇಟ್ಟು ಬಿಟ್ಟರೆ ಅರಳಿ ಎರಡೂ ಬದಿಯ ಗೋಡೆಯನ್ನು ಒತ್ತಿ ಹಿಡಿಯುತ್ತವೆ. ಎಳೆದಷ್ಟೂ ಹಿಡಿತ ಬಿಗಿ. ನನಗೆ ತಕ್ಷಣ ನೆನಪಾದದ್ದು ಉಡ. ಕೋಟೆಗೋಡೆಗೆ ಉಡ ಬಿಟ್ಟು, ಅದರ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಸೈನಿಕರು ಹತ್ತುತ್ತಿದ್ದರು ಅನ್ನುವ ಕಥೆ ಕೇಳದ ಕನ್ನಡ ಮಕ್ಕಳಿಲ್ಲವಲ್ಲ. ಉಡದ ಪಟ್ಟು ಅಂತ ಗಾದೆಯ ಹಾಗೆ ಹೇಳುವುದು ಇದನ್ನೇ.

ನಟ್‌ಗೆ ನಟ್ ಅಂತ ಯಾಕೆ ಹೆಸರು ಅಂದರೆ, ಅದು ನಿಜವಾಗಿಯೂ ನಟ್ಟು ಬೋಲ್ಟಿನ ನಟ್ಟೇ ಆಗಿತ್ತು. ಅದಕ್ಕೂ ಮೊದಲು ಹತ್ತುವವರು ನದಿಯ ಉರುಟು ಕಲ್ಲುಗಳನ್ನು ಜೇಬಿನಲ್ಲಿ ಹೊತ್ತೊಯ್ದು ಸೀಳಿಗೆ ತುರುಕಿ, ಅದರ ಹಿಂದಿನಿಂದ ಹಗ್ಗದ ಕುಣಿಕೆ ಹಾಯಿಸುತ್ತಿದ್ದರು. ಆಮೇಲೆ ವೇಲ್ಸ್‌ನ ಸ್ನೋಡನ್ ಬೆಟ್ಟದ ಬಂಡೆಗಳಿಗೆ ಹೋಗುವವರಿಗೆ ದಾರಿಯಲ್ಲಿ ಬೆಟ್ಟದ ರೈಲಿನ ಹಳಿಯ ಪಕ್ಕ ಬಿದ್ದಿದ್ದ ನಟ್ಟುಗಳು ಕಣ್ಣಿಗೆ ಬಿದ್ದವು. ಒಳಗಿನ ಮರೆ ಉಜ್ಜಿ ತೆಗೆದು, ಹಗ್ಗ ಪೋಣಿಸಿ, ಕಲ್ಲಿನ ಬದಲು ಇವನ್ನೇ ಸಿಕ್ಕಿಸತೊಡಗಿದರು. 1961ರ ಹೊತ್ತಿಗೆ ಇದಕ್ಕೆಂದೇ ತಯಾರಿಸಿದ ತುಂಡುಗಳು ಬಂದವು. ಕ್ಯಾಮ್ ಅಮೆರಿಕದ ರೇ ಜಾರ್ಡೈನ್ ಅವರ ಬುದ್ಧಿ. 1970ರ ದಶಕದ ಕೊನೆಯಲ್ಲಿ ಮಾರ್ಕ್ ವ್ಯಾಲನ್ಸ್ ಅದನ್ನು 'ಫ್ರೆಂಡ್' ಎಂಬ ಹೆಸರಿನಲ್ಲಿ ಇದೇ ಡರ್ಬಿಶೈರ್‌ನಲ್ಲಿ ತಯಾರಿಸಿ ಮಾರಿದರು. ಹೆಸರು ಎಷ್ಟು ಚೆನ್ನಾಗಿದೆ ನೋಡಿ.

ಈ ಬಂಡೆಗಳ ಹಿಂದಿರುವ ಜನರೂ ಹಾಗೇ, ದೊಡ್ಡ ಮನೆತನದವರೇನಲ್ಲ. ಒಂದು ಕಾಲಕ್ಕೆ ಈ ಬೆಟ್ಟಗಳೆಲ್ಲ ಹಕ್ಕಿ ಬೇಟೆಯಾಡುವ ಜಮೀನುದಾರರ ಕೈಯಲ್ಲಿದ್ದವು, ಕಾವಲುಗಾರರು ಅಟ್ಟುತ್ತಿದ್ದರು. 1932ರಲ್ಲಿ ಮ್ಯಾಂಚೆಸ್ಟರ್, ಶೆಫೀಲ್ಡ್‌ನ ಕೂಲಿಕಾರರು ಗುಂಪುಗೂಡಿ ಹತ್ತಿರದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನುಗ್ಗಿದ್ದು, ಕೆಲವರು ಜೈಲಿಗೆ ಹೋಗಿದ್ದು ಇಲ್ಲಿನ ದೊಡ್ಡ ಕಥೆ. ಸ್ಟಾನೇಜ್‌ನಲ್ಲಿ 'ರೈಟ್ ಅನ್‌ಕಾಂಕರಬಲ್' ಎಂಬ ಸೀಳನ್ನು 1949ರಲ್ಲಿ ಮೊದಲು ಹತ್ತಿದ ಜೋ ಬ್ರೌನ್ ಮ್ಯಾಂಚೆಸ್ಟರಿನ ಕಟ್ಟಡ ಕೆಲಸಗಾರ. ಅದೇ ಜೋ ಬ್ರೌನ್ 1955ರಲ್ಲಿ ಜಾರ್ಜ್ ಬ್ಯಾಂಡ್ ಜೊತೆ ಕಾಂಚನಜುಂಗಾವನ್ನು ಮೊದಲು ಏರಿದವರು. ಸಿಕ್ಕಿಂ ಜನರ ನಂಬಿಕೆಗೆ ಬೆಲೆ ಕೊಟ್ಟು, ತುತ್ತತುದಿಯನ್ನು ಮೆಟ್ಟದೆ ಕೆಲವೇ ಅಡಿ ಕೆಳಗೆ ನಿಂತು ಮರಳಿದರು. ಹೆಂಗಸರೂ ಹಿಂದೆ ಬಿದ್ದಿರಲಿಲ್ಲ. ಗಂಡಸರ ಬೆನ್ನ ಹಿಂದೆ ಹತ್ತುವುದು ಸಾಕು, ನಾವೇ ಮುಂದೆ ಹೋಗುವುದನ್ನು ಕಲಿಯಬೇಕು ಅಂತ 1921ರಲ್ಲೇ 'ಪಿನಾಕಲ್ ಕ್ಲಬ್' ಕಟ್ಟಿಕೊಂಡರು. 1953ರಲ್ಲಿ ಗ್ವೆನ್ ಮೊಫ್ಯಾಟ್ ಬ್ರಿಟನ್ನಿನ ಮೊದಲ ಅಧಿಕೃತ ಮಹಿಳಾ ಪರ್ವತ ಮಾರ್ಗದರ್ಶಿಯಾದರು.

ಚಾಪೆಯ ಪಾಠ ಮುಗಿದ ಮೇಲೆ ಪರೀಕ್ಷೆ. ನಾವು ಬರುವ ಮೊದಲೇ ಶಿಕ್ಷಕಿ ಬಂಡೆಯ ಬುಡದ ಸೀಳುಗಳಲ್ಲಿ ಹತ್ತು ತುಂಡುಗಳನ್ನು ಸಿಕ್ಕಿಸಿ ಇಟ್ಟಿದ್ದರು. ಕೆಲವು ಭದ್ರ, ಕೆಲವು ಬೇಕಂತಲೇ ಕಳ್ಳ. "ಇವುಗಳಲ್ಲಿ ಯಾವುದಕ್ಕೆ ನಿಮ್ಮ ಮಗಳನ್ನು ನೇತುಹಾಕ್ತೀರಿ?" ಅಂತ ಕೇಳಿದರು. ನಾನು ಅವರ ಮುಖ ನೋಡಿದೆ. ತಮಾಷೆಯ ಸುಳಿವೇ ಇರಲಿಲ್ಲ.

ನೋಡುವ ವಿಧಾನವನ್ನೂ ಅವರೇ ಹೇಳಿಕೊಟ್ಟರು. ಸೀಳು ಮೇಲೆ ಅಗಲವಾಗಿ ಕೆಳಗೆ ಬರುತ್ತಾ ಕಿರಿದಾಗಬೇಕು, ಹೂಜಿಯ ಕತ್ತಿನ ಹಾಗೆ. ಮೇಲಿನಿಂದ ನಟ್ ಇಳಿಸಿ ಕೆಳಕ್ಕೆ ಜಗ್ಗಿದರೆ ಆ ಕತ್ತಿನಲ್ಲಿ ಕೂರಬೇಕು. ಎರಡೂ ಬದಿ ಕಲ್ಲಿಗೆ ತಾಗಿದೆಯಾ? ನಡುವೆ ಬೆಳಕು ಎಷ್ಟು ನುಸುಳುತ್ತಿದೆ? ಕೂತಿರುವ ಕಲ್ಲು ಬಂಡೆಯ ಅಂಗವೋ ಅಥವಾ ಅದೇ ಒಂದು ಸಡಿಲ ಚಕ್ಕೆಯೋ? ಮುಷ್ಟಿಯಿಂದ ಗುದ್ದಿದರೆ ಸದ್ದು ಘನವೋ ಟೊಳ್ಳೋ? ಹಲಸಿನ ಹಣ್ಣು ಬಡಿದು ನೋಡುವ ಹಾಗೆ. ಬಿದ್ದಾಗ ಹಗ್ಗ ಯಾವ ದಿಕ್ಕಿಗೆ ಎಳೆಯುತ್ತದೆ, ಆ ದಿಕ್ಕಿಗೂ ಇದು ನಿಲ್ಲುತ್ತದಾ? ನನಗೆ ಈ ಪಾಠ ಮಾತ್ರ ಸಲೀಸಾಗಿ ಹತ್ತಿತು. ಎರಡು ಮೂಳೆಗಳ ನಡುವೆ ಎಷ್ಟು ಸಂದು ಇದೆ, ಎಲ್ಲಿ ತಾಗಿದೆ, ಎಲ್ಲಿ ಬಿಟ್ಟಿದೆ ಅಂತ ದಿನವಿಡೀ ಬೆಳಕು ಕತ್ತಲೆ ನೋಡುವುದೇ ನನ್ನ ಹೊಟ್ಟೆಪಾಡಲ್ಲವೇ. ಹತ್ತರಲ್ಲಿ ನಾಲ್ಕನ್ನು ಬೇಡ ಅಂದೆ. ಶಿಕ್ಷಕಿ ಆ ನಾಲ್ಕಕ್ಕೂ ಒಂದೊಂದು ಕುಣಿಕೆ ಹಾಕಿ, ಅದರೊಳಗೆ ಕಾಲಿಟ್ಟು ನಿಂತು ತೂಕ ಬಿಟ್ಟು ತೋರಿಸಿದರು. ಮೂರು ಪಟ್ಟನೆ ಕಿತ್ತು ಬಂದವು. ನಾಲ್ಕನೆಯದು ನಿಂತಿತು. "ನಿಂತಿತು, ಆದರೂ ಬೇಡ ಅಂದದ್ದು ಸರಿ" ಅಂದರು.

ಆಮೇಲೆ ಲೆಕ್ಕ. ಇದು ನಮ್ಮವರ ಇಲಾಖೆ. ಕೊನೆಯ ತುಂಡಿನಿಂದ ನೀವು ಎರಡು ಮೀಟರ್ ಮೇಲಿದ್ದೀರಿ ಅಂತಿಟ್ಟುಕೊಳ್ಳಿ. ಬಿದ್ದರೆ ಎರಡಲ್ಲ, ನಾಲ್ಕು ಮೀಟರ್. ತುಂಡಿನವರೆಗೆ ಎರಡು, ಅದರಿಂದ ಕೆಳಗೆ ಇನ್ನೆರಡು. ಹಗ್ಗ ಹಿಗ್ಗುವುದು ಬೇರೆ. ಹಾಗಾದರೆ ನಾಲ್ಕು ಮೀಟರ್ ಎತ್ತರದಲ್ಲಿ ಒಂದೇ ಒಂದು ತುಂಡು ಹಾಕಿ ಎಂಟು ಮೀಟರ್‌ವರೆಗೆ ಹೋದರೆ? ಹಗ್ಗ ಇದ್ದೂ ಇಲ್ಲದ ಹಾಗೆ, ಸೀದಾ ನೆಲ. ಈ ಲೆಕ್ಕವನ್ನು ನಮ್ಮವರು ಬೆರಳು ಮಡಚಿ ಬಿಡಿಸಿ ಮೂರು ಸಲ ಮಾಡಿದರು. ಮೂರನೆಯ ಸಲ ನನ್ನ ಮುಖ ನೋಡಿದರು. ಕೆಳಗೆ ನಿಂತು ನನ್ನ ಹಗ್ಗ ಹಿಡಿಯುವವರು ಅವರೇ ತಾನೆ.

ಹಗ್ಗ ಹಿಡಿಯುವವರ ಬಗ್ಗೆ ಯಾರೂ ಬರೆಯುವುದಿಲ್ಲ. ನಮ್ಮೂರಲ್ಲಿ ಅಡಿಕೆ ಕೊನೆ ಇಳಿಸುವಾಗ ನೀವು ನೋಡಿರಬಹುದು. ಮರದ ತುದಿಯಲ್ಲಿ ಕೂತು, ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುವ ಕೊನೆಗಾರನನ್ನು ಎಲ್ಲರೂ ಬಾಯಿ ಬಿಟ್ಟು ನೋಡುತ್ತಾರೆ. ಕೆಳಗೆ ಹಗ್ಗದ ತುದಿ ಹಿಡಿದು, ಜಾರಿ ಬರುವ ಕೊನೆ ನೆಲಕ್ಕೆ ಅಪ್ಪಳಿಸದಂತೆ ಹದವಾಗಿ ಬಿಗಿ ಸಡಿಲ ಮಾಡುವವನನ್ನು ಯಾರೂ ನೋಡುವುದಿಲ್ಲ. ಇಲ್ಲೂ ಹಾಗೇ. ಮುಂದೆ ಹೋಗುವವರು ಹಗ್ಗ ಸಿಕ್ಕಿಸಲು ಕೈಯೆತ್ತಿದ ಕ್ಷಣಕ್ಕೆ ಸರಿಯಾಗಿ ಒಂದು ಮಾರು ಬಿಡಬೇಕು, ತಕ್ಷಣ ಸಡಿಲ ಎಳೆದುಕೊಳ್ಳಬೇಕು. ಬಂಡೆಗೆ ಹತ್ತಿರ ನಿಂತಿರಬೇಕು. ಫೋನು, ಹರಟೆ ಕೂಡದು. ಹದಿನೇಳು ವರ್ಷದ ಸಂಸಾರದಲ್ಲಿ ನಮ್ಮವರು ನನ್ನ ಕಡೆ ಒಂದೇ ಸಮನೆ ನಲವತ್ತು ನಿಮಿಷ ನೋಡಿದ್ದು ಸ್ಟಾನೇಜ್‌ನಲ್ಲೇ ಮೊದಲು ಅಂತ ಗೆಳತಿಯರಿಗೆ ಹೇಳಿದ್ದೇನೆ.

ಕೂಗುವ ಮಾತಿನದೇ ಒಂದು ಪ್ರಕರಣ. ಮೇಲೆ ಹೋದವರು ಆಧಾರ ಕಟ್ಟಿಕೊಂಡು ಭದ್ರವಾದ ಮೇಲೆ "ಸೇಫ್!" ಅಂತ ಕೂಗಬೇಕು. ಅದು ಕೇಳಿದ ಮೇಲೆ ಕೆಳಗಿನವರು ಹಗ್ಗವನ್ನು ಸಾಧನದಿಂದ ಬಿಚ್ಚುತ್ತಾರೆ. ಆದರೆ ರಜೆಯ ದಿನ ಪಕ್ಕಪಕ್ಕದ ದಾರಿಗಳಲ್ಲಿ ನಾಲ್ಕಾರು ಜೋಡಿಗಳು ಇರುತ್ತವೆ. ಯಾರದೋ "ಸೇಫ್"ಗೆ ಇನ್ಯಾರೋ ಹಗ್ಗ ಬಿಚ್ಚಿದರೆ ಗತಿಯೇನು? ಹೆಸರು ಸೇರಿಸಿ ಕೂಗಿ ಅಂತ ಹೇಳಿಕೊಡುತ್ತಾರೆ. ಶಿಕ್ಷಕಿ ನಮಗೆ ಬೇರೆ ಉಪಾಯ ಹೇಳಿದರು. "ನಿಮಗೆ ನಿಮ್ಮದೇ ಭಾಷೆ ಇದೆಯಲ್ಲ. ಅದನ್ನೇ ಬಳಸಿ. ಇಡೀ ಬಂಡೆಯಲ್ಲಿ ಅದು ನಿಮ್ಮಿಬ್ಬರಿಗೆ ಮಾತ್ರ ಸೇರಿದ್ದು."

ಕೂತು ಪದಗಳನ್ನು ಹುಡುಕಿದೆವು. ಹಗ್ಗ ಬೇಕು ಅನ್ನಲು "ಬಿಡಿ", ಎಳೆದುಕೊಳ್ಳಿ ಅನ್ನಲು "ಬಿಗಿ" ಅಂತ ನಮ್ಮವರ ಸಲಹೆ. ಶಿಕ್ಷಕಿಗೆ ಕನ್ನಡದ ಗಂಧವೂ ಇಲ್ಲ. ಆದರೆ ಮೂವತ್ತು ಹೆಜ್ಜೆ ದೂರ ಹೋಗಿ, ಬೆನ್ನು ತಿರುಗಿಸಿ ನಿಂತು, "ಎರಡನ್ನೂ ಕೂಗಿ" ಅಂದರು. ಕೂಗಿದೆವು. ವಾಪಸು ಬಂದು ತಲೆಯಾಡಿಸಿದರು. "ಗಾಳಿಯಲ್ಲಿ ಎರಡೂ ಒಂದೇ. ಬೇರೆ ಹುಡುಕಿ." ಕೊನೆಗೆ ಗೊತ್ತಾದದ್ದು ಇಷ್ಟು: ಹಗ್ಗ ಬೇಕಾದರೆ "ಸಡಿಲಾ", ಎಳೆಯಬೇಕಾದರೆ "ಬಿಗಿ". ಮೇಲೆ ಭದ್ರವಾದರೆ "ಕೂತಾಯ್ತು". ಕೆಳಗಿನವರು ಹಗ್ಗ ಬಿಚ್ಚಿದ ಮೇಲೆ "ಹಗ್ಗ ನಿಂದು". ಹತ್ತಬಹುದು ಅನ್ನಲು "ಬನ್ನಿ ಬನ್ನಿ", ಎರಡು ಸಲ. ಹೊರಟವರು "ಹೊರಟೆ". ಈಗ ಸ್ಟಾನೇಜ್‌ಗೆ ಆಗಾಗ ಬರುವ ಕೆಲವರಿಗೆ "ಬನ್ನಿ ಬನ್ನಿ" ಅಷ್ಟು ಕನ್ನಡ ಬರುತ್ತದೆ!

ಎರಡನೆಯ ದಿನ ಲೀಡ್. ಅದಕ್ಕೂ ಮೊದಲು ಒಂದು ಒತ್ತಾಯದ ಅಭ್ಯಾಸ. ಮೇಲಿನಿಂದ ಭದ್ರವಾಗಿ ಒಂದು ಹಗ್ಗ ಇರುತ್ತದೆ, ನೀವು ಇನ್ನೊಂದು ಹಗ್ಗ ಕಟ್ಟಿಕೊಂಡು, ಮೊದಲನೆಯದು ಇಲ್ಲವೇ ಇಲ್ಲ ಎಂಬಂತೆ ತುಂಡುಗಳನ್ನು ಹಾಕುತ್ತಾ ಹೋಗುತ್ತೀರಿ. ಎರಡು ಸಲ ಹಾಗೆ ಹತ್ತಿದೆವು. ಆಮೇಲೆ ಆ ಮೇಲಿನ ಹಗ್ಗ ಹೋಯಿತು.

ನನ್ನ ಮೊದಲ ದಾರಿಯ ಹೆಸರು 'ಹೆವನ್ ಕ್ರ್ಯಾಕ್'. ಸ್ವರ್ಗದ ಸೀಳು. ಅಮ್ಮನಿಗೆ ಆ ಹೆಸರನ್ನು ನಾನು ಇವತ್ತಿಗೂ ಹೇಳಿಲ್ಲ. ದರ್ಜೆ 'ವೆರಿ ಡಿಫಿಕಲ್ಟ್'. ಹೆದರಬೇಡಿ, ಇದು ಕೆಳಗಿನಿಂದ ಮೂರನೆಯದು. ನೂರು ವರ್ಷಕ್ಕೂ ಹಿಂದಿನವರು ತಮ್ಮ ಕಾಲದ ಕಷ್ಟಕ್ಕೆ ತಕ್ಕಂತೆ ಡಿಫಿಕಲ್ಟ್, ವೆರಿ ಡಿಫಿಕಲ್ಟ್, ಸಿವಿಯರ್ ಅಂತ ಹೆಸರಿಟ್ಟರು. ಆಮೇಲಿನವರು ಅದಕ್ಕಿಂತ ಕಷ್ಟದ್ದನ್ನು ಹತ್ತಿದಾಗ ವೆರಿ ಸಿವಿಯರ್, ಹಾರ್ಡ್ ವೆರಿ ಸಿವಿಯರ್ ಅಂತ ಬಾಲ ಬೆಳೆಸುತ್ತಾ ಹೋದರು. ಕೊನೆಗೆ ಎಕ್ಸ್‌ಟ್ರೀಮ್ ಅಂತ ಇಟ್ಟು ಅದಕ್ಕೆ ಅಂಕಿ ಹಚ್ಚಿದರು. ಹೀಗಾಗಿ ಇಂಗ್ಲಿಷಿನಲ್ಲಿ ಅತಿ ಕಷ್ಟ ಅಂದದ್ದು ಇಲ್ಲಿ ನಮ್ಮಂಥವರ ಅಂಗನವಾಡಿ.

ಶಿಕ್ಷಕಿ ನನ್ನ ಪಕ್ಕದಲ್ಲೇ ಬೇರೊಂದು ಕಟ್ಟಿದ ಹಗ್ಗದಲ್ಲಿ, ಹಗ್ಗವನ್ನು ಕಚ್ಚಿ ಹಿಡಿಯುವ ಸಾಧನದ ಮೇಲೆ ನೇತಾಡುತ್ತಾ ಬಂದರು. ನಾನು ಒಂದು ಹೆಜ್ಜೆ ಏರಿದರೆ ಅವರೂ ಏರುತ್ತಿದ್ದರು. ಮುಖ ನನ್ನ ಮುಖಕ್ಕೆ ಒಂದು ಮೊಳ ದೂರ. ನೋಡುತ್ತಿದ್ದದ್ದು ಮಾತ್ರ ನನ್ನ ಕೈಯನ್ನು.

ಮೊದಲ ತುಂಡು ಎದೆಯೆತ್ತರದಲ್ಲಿ, ಎರಡನೆಯದು ತಲೆಗಿಂತ ಸ್ವಲ್ಪ ಮೇಲೆ. ಅಲ್ಲಿಂದ ಸೀಳಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ಎದುರು ಕಲ್ಲಿಗೆ ಒತ್ತಿ ವಾಲಿಕೊಂಡು ಹೋಗಬೇಕು. ಒಳಾಂಗಣದಲ್ಲಿ ನೂರು ಸಲ ಮಾಡಿದ ಭಂಗಿಯೇ. ಆದರೆ ಅಲ್ಲಿ ಒಂದು ಕೈ ಬಿಟ್ಟು, ಸೊಂಟದಿಂದ ಸರಿಯಾದ ಅಳತೆಯ ನಟ್ ಹುಡುಕಿ, ಸೀಳಿನೊಳಗೆ ಇಣುಕಿ, ಇಳಿಸಿ, ಜಗ್ಗಿ, ಕೊಂಡಿ ಹಾಕಿ, ಹಗ್ಗ ಎಳೆದು ಸಿಕ್ಕಿಸಬೇಕಾಗಿರಲಿಲ್ಲ. ಇನ್ನೊಂದು ಕೈಯ ಬೆರಳು ನಿಧಾನಕ್ಕೆ ಬಿಚ್ಚಿಕೊಳ್ಳುತ್ತಿರುವುದು ಗೊತ್ತಾಗುತ್ತದೆ. ಬಾಯಿ ಒಣಗುತ್ತದೆ. ನಾನು ಶಿಕ್ಷಕಿಯ ಕಡೆ ತಿರುಗಿ "ಇದು ಸರಿ ಇದೆಯಾ?" ಅಂದೆ.

ಅವರು ನಟ್ ನೋಡಿದರು, ನನ್ನನ್ನು ನೋಡಿದರು. "ನಿಮಗೆ ಏನನ್ನಿಸುತ್ತೆ?" ಅಂದರು.

ಆ ಕ್ಷಣಕ್ಕೆ ಬಂದ ಸಿಟ್ಟನ್ನು ಏನು ಹೇಳಲಿ! ದುಡ್ಡು ಕೊಟ್ಟು ಕರೆತಂದದ್ದು ಇದಕ್ಕಾ? ಒಂದು ಹೂಂ ಅನ್ನಲು ಏನು ಧಾಡಿ? ಆದರೆ ಕೇಳಿದ ಮೇಲೆ ನೋಡಲೇಬೇಕಲ್ಲ. ನೋಡಿದೆ. ಎರಡೂ ಬದಿ ತಾಗಿತ್ತು. ಬೆಳಕು ನುಸುಳುತ್ತಿರಲಿಲ್ಲ. ಕಲ್ಲು ಘನ. ಕೆಳಕ್ಕೆ ಎಳೆದರೆ ಇನ್ನೂ ಬಿಗಿಯಾಗುವಂತಿತ್ತು. "ಇದಕ್ಕೆ ನನ್ನ ಮಗಳನ್ನು ನೇತುಹಾಕ್ತೀನಿ" ಅಂದೆ. ಅವರು ಏನೂ ಹೇಳಲಿಲ್ಲ, ಹಗ್ಗದಲ್ಲಿ ಒಂದು ಗೇಣು ಮೇಲೆ ಸರಿದರು. ನಾನೂ ಹೊರಟೆ.

ಅದು ಕಳ್ಳ ನಟ್ ಆಗಿದ್ದರೆ ಅವರು ಸುಮ್ಮನಿರುತ್ತಿರಲಿಲ್ಲ, ಕೈ ಚಾಚಿ ತಾವೇ ಇನ್ನೊಂದನ್ನು ಹಾಕುತ್ತಿದ್ದರು ಅಂತ ಆಮೇಲೆ ಕೇಳಿ ತಿಳಿದೆ. ಆದರೆ ಸರಿ ಇದ್ದದ್ದನ್ನು ಸರಿ ಅಂತ ಅವರು ಹೇಳಿದ್ದರೆ, ಮುಂದಿನ ವಾರ ಅವರಿಲ್ಲದೆ ನಾವಿಬ್ಬರೇ ಬಂದಾಗ ನಾನು ಯಾರನ್ನು ಕೇಳಬೇಕಿತ್ತು?

ಮೇಲೆ ತಲುಪಿ, ಮೂರು ಕಡೆ ತುಂಡು ಹಾಕಿ, ಮೂರಕ್ಕೂ ಭಾರ ಸಮನಾಗಿ ಬೀಳುವಂತೆ ಹಗ್ಗ ಬಿಗಿದು, ಅಂಚಿನಲ್ಲಿ ಕೂತೆ. ಅಲ್ಲಿ ಹಾಕುವ ಕ್ಲೋವ್ ಹಿಚ್ ಗಂಟು ಕೊಟ್ಟಿಗೆಯಲ್ಲಿ ಅಪ್ಪ ಗೂಟಕ್ಕೆ ಹಾಕುತ್ತಿದ್ದ ಗಂಟಿನ ದಾಯಾದಿ. "ಕೂತಾಯ್ತು!" ಅಂತ ಕೂಗಿದೆ. ಕೆಳಗಿನಿಂದ "ಹಗ್ಗ ನಿಂದು!" ಅಂತ ಬಂತು. ನಮ್ಮವರು ಒಂದೊಂದೇ ತುಂಡು ಬಿಚ್ಚಿಕೊಂಡು ಬಂದರು. ಮೂರನೆಯದು ಎಷ್ಟು ಬಿಗಿಯಾಗಿ ಕೂತಿತ್ತೆಂದರೆ ಅದನ್ನು ಬಿಡಿಸಲು ಅವರು ಕೊಕ್ಕೆಯ ಸಲಾಕೆ ಹಿಡಿದು ಹತ್ತು ನಿಮಿಷ ಹೆಣಗಿದರು. "ಎಂಥ ಮಾರಾಯ್ತಿ, ಗಾರೆ ಹಾಕಿ ಕೂರಿಸಿದ್ಯಾ?" ಅಂತ ಬೈದದ್ದು ನನಗೆ ಇಡೀ ದಿನದಲ್ಲಿ ಸಿಕ್ಕ ದೊಡ್ಡ ಶಹಬ್ಬಾಸ್.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಅದೇ ಮಧ್ಯಾಹ್ನ ಇನ್ನೊಂದು ದಾರಿ ಹಿಡಿದೆ. ಅರ್ಧ ದಾಟಿದ ಮೇಲೆ ಸೀಳು ಒದ್ದೆ. ಹಿಂದಿನ ರಾತ್ರಿಯ ಮಳೆಯ ಒರತೆ ಇನ್ನೂ ಇಳಿಯುತ್ತಿತ್ತು, ಒಳಗೆ ಪಾಚಿ. ಗ್ರಿಟ್‌ಸ್ಟೋನ್ ಒಣಗಿದ್ದಾಗ ಎಷ್ಟು ಕಚ್ಚುತ್ತದೋ, ಪಾಚಿ ಕಟ್ಟಿದಾಗ ಅಷ್ಟೇ ಕೈಕೊಡುತ್ತದೆ. ಕಾಲ ಬಳಿ ಎರಡು ಒಳ್ಳೆಯ ನಟ್‌ಗಳಿದ್ದವು. ಮೇಲೆ ಮೂರು ಮೀಟರ್ ಏನೂ ಹಾಕಲು ಜಾಗವಿಲ್ಲ. ಕೆಳಗೆ ನಿಂತು ನೋಡುತ್ತಿದ್ದ ಯಾರೋ ಒಬ್ಬರು "ಹೋಗಿ ಹೋಗಿ, ಮೇಲೆ ದೊಡ್ಡ ಹಿಡಿ ಇದೆ" ಅಂತ ಹುರಿದುಂಬಿಸಿದರು. ಶಿಕ್ಷಕಿ ಎಂದಿನಂತೆ ಮೌನ.

ನನಗೆ ಆಸ್ಪತ್ರೆಯ ಪರದೆ ಕಣ್ಣಮುಂದೆ ಬಂತು ಅಂತ ಬರೆದರೆ ಕಥೆ ಚೆನ್ನಾಗಿರುತ್ತದೆ. ನಿಜವಾಗಿ ಬಂದದ್ದು ನಮ್ಮವರ ಬೆರಳೆಣಿಕೆ. ಮೂರು ಮೇಲೆ, ಮೂರು ಕೆಳಗೆ, ಕೆಳಗೆ ಒಂದು ಚಾಚಿಕೊಂಡ ಕಟ್ಟೆ. "ನಾನು ಇಳೀತೀನಿ" ಅಂದೆ. ನಟ್‌ಗಳ ಮಟ್ಟಕ್ಕೆ ಕಾಲಿಂದ ಕಾಲು ಇಳಿದು, ಎರಡನ್ನೂ ಮತ್ತೆ ಜಗ್ಗಿ ನೋಡಿ, "ಬಿಗಿ" ಅಂತ ಕೂಗಿ ಹಗ್ಗಕ್ಕೆ ಭಾರ ಬಿಟ್ಟೆ. ಅವರು ನಿಧಾನಕ್ಕೆ ನೆಲಕ್ಕಿಳಿಸಿದರು. ತುಂಡುಗಳನ್ನು ಶಿಕ್ಷಕಿ ಬಿಚ್ಚಿ ತಂದುಕೊಟ್ಟರು. ಎರಡು ದಿನದಲ್ಲಿ ಅವರ ಮುಖದಲ್ಲಿ ಪೂರ್ತಿ ನಗು ಕಂಡದ್ದು ಆಗಲೇ. "ಹತ್ತುವುದನ್ನು ಯಾರು ಬೇಕಾದರೂ ಕಲಿಸ್ತಾರೆ" ಅಂತಷ್ಟೇ ಅಂದು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು.

ಕೆಳಗೆ ಬಂದ ಮೇಲೆ ನಮ್ಮವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ರೈಲಿನಲ್ಲಿ, "ನೀನು ಮೇಲೆ ಹೋಗಿದ್ರೆ ನಾನು ಏನೂ ಹೇಳ್ತಿರಲಿಲ್ಲ, ಆದ್ರೆ..." ಅಂತ ನಿಲ್ಲಿಸಿದರು. "ಗೊತ್ತುರೀ" ಅಂದೆ. ಒಂದೇ ಹಗ್ಗದ ಎರಡು ತುದಿಯಲ್ಲಿ ಒಂದೇ ಮನೆಯ ಇಬ್ಬರು ಇರುವುದರ ಬಗ್ಗೆ ನಾವು ಕೂತು ಮಾತಾಡಿದ್ದು ಆ ರಾತ್ರಿಯೇ. ಮನೆಯಲ್ಲಿ ಮಗಳಿದ್ದಾಳೆ. ಇಬ್ಬರಲ್ಲಿ ಯಾರಿಗೆ ಬೇಡ ಅನ್ನಿಸಿದರೂ ಅಲ್ಲಿಗೆ ನಿಲ್ಲಿಸುವುದು, ಕಾರಣ ಕೇಳುವಂತಿಲ್ಲ, ಆಮೇಲೆ ಚುಚ್ಚುವಂತಿಲ್ಲ. ಈ ಕರಾರನ್ನು ಎರಡು ವರ್ಷದಿಂದ ಪಾಲಿಸುತ್ತಿದ್ದೇವೆ. ನಮ್ಮವರು ನಾಲ್ಕು ಸಲ ಬೇಡ ಅಂದಿದ್ದಾರೆ, ನಾನು ಏಳು ಸಲ. ಅಡುಗೆಮನೆಯ ವಿಷಯಕ್ಕೂ ಈ ಕರಾರು ಅನ್ವಯಿಸುತ್ತಾ ಅಂತ ಅವರು ಕೇಳಿದ್ದಾರೆ. ಉತ್ತರ ಇನ್ನೂ ಕೊಟ್ಟಿಲ್ಲ.

ಕರ್ನಾಟಕದಲ್ಲಿ ಇದನ್ನು ಕಲಿಯಬಹುದೇ ಅಂತ ಕೆಲವರು ಕೇಳುತ್ತಾರೆ. ಬಂಡೆಗೆ ನಮ್ಮಲ್ಲಿ ಬರವೇ? ಮಾಗಡಿ ಬಳಿಯ ಸಾವನದುರ್ಗದಲ್ಲಿ 'ಬೆಳದಿಂಗಳು' ಎಂದು ಹೆಸರಿಟ್ಟ ಉದ್ದದ ದಾರಿಯೇ ಇದೆ. ಬಾದಾಮಿಯ ಕೆಂಪು ಮರಳುಗಲ್ಲು ನಮ್ಮ ಗ್ರಿಟ್‌ಸ್ಟೋನಿನ ನೆಂಟ. ಸಾಹಸ ತರಬೇತಿಗೆ ಜನರಲ್ ತಿಮ್ಮಯ್ಯ ಅಕಾಡೆಮಿಯಂಥ ಸರ್ಕಾರಿ ಸಂಸ್ಥೆಯೂ ಇದೆ. ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ನೋಡಿ ನಾನೂ ಚಪ್ಪಾಳೆ ಹೊಡೆದವಳೇ. ಆದರೆ ಅದು ಅವರೊಬ್ಬರ ವಿದ್ಯೆ. ಮಕ್ಕಳು ಅದನ್ನು ನೋಡಿ ಮನೆ ಹಿಂದಿನ ಗುಡ್ಡ ಹತ್ತಲು ಹೊರಟರೆ ಕರೆದು ಕೂರಿಸಿ, ಹೆಲ್ಮೆಟ್ಟು, ಹಗ್ಗ, ಗುರು ಮೂರೂ ಇರುವ ಕಡೆಗೆ ಕಳಿಸಿ. ಹೋಗುವ ಮೊದಲು ಆ ಬಂಡೆಯಲ್ಲಿ ಹತ್ತಲು ಅನುಮತಿ ಇದೆಯೇ ಅಂತಲೂ ವಿಚಾರಿಸಿ. ರಾಮನಗರದ ರಾಮದೇವರ ಬೆಟ್ಟ ಈಗ ರಣಹದ್ದುಗಳ ಧಾಮ. ಸ್ಟಾನೇಜ್‌ನಲ್ಲೂ ವಸ಼ಂತ ಕಾಲಕ್ಕೆ ರಿಂಗ್ ಊಜಲ್ ಎಂಬ ಕಪ್ಪು ಹಕ್ಕಿ ಸೀಳುಗಳಲ್ಲಿ ಗೂಡು ಕಟ್ಟುತ್ತದೆ. ಎದೆಯ ಮೇಲೆ ಬಿಳಿ ಅರ್ಧಚಂದ್ರ. ಗೂಡು ಕಂಡ ಕಡೆ ಈ ದಾರಿಗಳನ್ನು ಸದ್ಯ ಹತ್ತಬೇಡಿ ಅಂತ ಫಲಕ ಇಡುತ್ತಾರೆ, ಜನ ತೆಪ್ಪಗೆ ಪಕ್ಕದ ಬಂಡೆಗೆ ಹೋಗುತ್ತಾರೆ.

ಈ ಬೇಸಿಗೆಯಲ್ಲಿ ಮಗಳೂ ನಮ್ಮ ಹಿಂದೆ ಎರಡನೆಯವಳಾಗಿ ಬರುತ್ತಿದ್ದಾಳೆ. ತುಂಡು ಬಿಚ್ಚುವ ಕೆಲಸ ಅವಳದ್ದು. ಪ್ರತಿ ನಟ್ ಮುಂದೆಯೂ ನಿಂತು ಇಣುಕಿ, "ಅಮ್ಮ, ಇದಕ್ಕೆ ಹತ್ತಕ್ಕೆ ಎಂಟು", "ಇದಕ್ಕೆ ಆರೂವರೆ ಅಷ್ಟೇ" ಅಂತ ಕೂಗಿ ಅಂಕ ಕೊಡುತ್ತಾಳೆ. ಪಕ್ಕದ ದಾರಿಯವರು ಅದೇನು ಅಂತ ಕೇಳಿದರೆ ಅವರಿಗೂ ಅನುವಾದಿಸಿ ಹೇಳುತ್ತಾಳೆ. ಮುಂದಿನ ವರ್ಷ ಹದಿನಾರು ತುಂಬುತ್ತಲೇ ಲೀಡ್ ಕಲಿಯಬೇಕಂತೆ. ಅದೇ ಶಿಕ್ಷಕಿಗೆ ಈಗಲೇ ಹೇಳಿಟ್ಟಿದ್ದೇನೆ.